ಹೆಬ್ಬೆರಳಿನ ಅಳತೆ ಮತ್ತು ಅಪವಾದ

ಇಂಗ್ಲಿಷಿನ ‘ರೂಲ್ ಆಫ್ ಥಂಬ್’ ಎಂಬ ನುಡಿಗಟ್ಟು ಕನ್ನಡದ ವಿದ್ವತ್ ಬರಹಕ್ಕೆ ಎರಡು ದಾರಿಗಳಿಂದ ಬರುತ್ತದೆ. ಒಂದು, ಸಂಶೋಧನ ಪ್ರಬಂಧಗಳಿಗಾಗಿ ಇಂಗ್ಲಿಷಿನಲ್ಲಿ ಸಿದ್ಧಪಡಿಸುವ ಸಾರಲೇಖಗಳ ದಾರಿ. ಇನ್ನೊಂದು, ‘ಹೆಬ್ಬೆರಳಿನ ನಿಯಮ’ ಎಂಬ ಪದಶಃ ಅನುವಾದದ ದಾರಿ. ಎರಡು ಕಡೆಯೂ ಅದನ್ನು ‘ಮಾರ್ಗದರ್ಶಕ ತತ್ತ್ವ’ ಎಂಬುದರ ಇನ್ನೊಂದು ಹೆಸರೆಂಬಂತೆ ಬಳಸುವ ರೂಢಿ ಕಾಣುತ್ತದೆ. ಒಬ್ಬ ಚಿಂತಕನ ಅಹಿಂಸೆಯನ್ನು ಅವನ ‘ರೂಲ್ ಆಫ್ ಥಂಬ್’ ಎಂದು ಬರೆದರೆ ವ್ಯಾಕರಣದ ದೃಷ್ಟಿಯಿಂದ ವಾಕ್ಯದಲ್ಲಿ ಯಾವ ದೋಷವೂ ಇರುವುದಿಲ್ಲ. ಆದರೆ ಅದರ ಅರ್ಥ ತಲೆಕೆಳಗಾಗಿರುತ್ತದೆ. ತತ್ತ್ವವೆಂದು ಎತ್ತಿಹಿಡಿಯಬೇಕಾದುದನ್ನು ಆ ವಾಕ್ಯವು ಅಂದಾಜಿನ ಮಟ್ಟಕ್ಕೆ ಇಳಿಸಿರುತ್ತದೆ, ಬರೆದವರಿಗೆ ಅದು ತಿಳಿದೂ ಇರುವುದಿಲ್ಲ.

ಈ ನುಡಿಗಟ್ಟಿನ ಸರಿಯಾದ ಅರ್ಥ ಸರಳವಾದುದು. ಶಾಸ್ತ್ರದಿಂದಲ್ಲದೆ ಅನುಭವದಿಂದ ಹುಟ್ಟಿದ, ಬಹುಮಟ್ಟಿಗೆ ಸರಿಹೋಗುವ, ಎಲ್ಲ ಸಂದರ್ಭಗಳಲ್ಲಿಯೂ ಸರಿಹೋಗುತ್ತದೆಂದು ಹೇಳಿಕೊಳ್ಳದ ಕೆಲಸದ ಅಳತೆಯೇ ‘ರೂಲ್ ಆಫ್ ಥಂಬ್’. ಇಲ್ಲಿ ‘ರೂಲ್’ ಎಂಬುದನ್ನು ಅಳತೆ ಎಂಬ ಅರ್ಥಕ್ಕೆ ಹತ್ತಿರವಾಗಿ ಗ್ರಹಿಸುವುದು ಉಚಿತ. ಅಳೆಯುವ ಪಟ್ಟಿಗೆ ಇಂಗ್ಲಿಷಿನಲ್ಲಿ ‘ರೂಲರ್’ ಎನ್ನುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಪಟ್ಟಿ ಕೈಯಲ್ಲಿಲ್ಲದಾಗ ಬೆರಳಿನಿಂದ ಅಳೆಯುವವನ ಅಳತೆಯೇ ಹೆಬ್ಬೆರಳಿನ ಅಳತೆ.

ಕೈಯಿಂದ ಅಳೆಯುವ ಈ ಕ್ರಮ ಇಂಗ್ಲೆಂಡಿನದು ಮಾತ್ರವಲ್ಲ. ಫ್ರೆಂಚಿನ ‘ಪೂಸ್’ ಎಂಬ ಪದಕ್ಕೆ ಹೆಬ್ಬೆರಳು, ಅಂಗುಲ ಎಂಬ ಎರಡೂ ಅರ್ಥಗಳಿವೆ. ಡಚ್ ಭಾಷೆಯ ‘ಡೌಮ್’ ಎಂಬ ಪದವೂ ಹಾಗೆಯೇ. ಸ್ವೀಡಿಷ್ ಭಾಷೆಯಲ್ಲಿ ಅಂಗುಲಕ್ಕೆ ‘ತುಮ್’, ಹೆಬ್ಬೆರಳಿಗೆ ‘ತುಮ್ಮೆ’. ಸಂಸ್ಕೃತದ ‘ಅಂಗುಲ’ ಬೆರಳಿಗೆ ಸಂಬಂಧಿಸಿದುದು. ಕನ್ನಡದಲ್ಲಿ ಗೇಣು, ಮೊಳ, ಮಾರು ಎಂಬ ಅಳತೆಗಳು ಇಂದಿಗೂ ಜೀವಂತವಾಗಿವೆ. ಹೂವಾಡಗಿತ್ತಿಯ ಮೊಳಕ್ಕೂ ಕೊಳ್ಳುವವರ ಮೊಳಕ್ಕೂ ನಡುವೆ ಉಂಟಾಗುವ ಚರ್ಚೆ ಯಾವ ಊರಿನ ಸಂತೆಗೂ ಹೊಸದಲ್ಲ. ಆ ಚರ್ಚೆಯಲ್ಲಿಯೇ ಈ ಬಗೆಯ ಅಳತೆಯ ಗುಣವೂ ಮಿತಿಯೂ ಕಾಣುತ್ತವೆ: ಅದು ಸದಾ ಕೈಗೆಟುಕುವಂತಹುದು, ಆದರೆ ಒಬ್ಬರ ಕೈಯಂತೆ ಇನ್ನೊಬ್ಬರ ಕೈ ಇರುವುದಿಲ್ಲ.

ಇತರ ಭಾಷೆಗಳು ಇದೇ ಭಾವವನ್ನು ಹೇಗೆ ಹೇಳುತ್ತವೆ ಎಂಬುದೂ ಬೋಧಪ್ರದವಾಗಿದೆ. ಜರ್ಮನ್ನರು ‘ಫೌಸ್ಟ್‌ರೇಗೆಲ್’ ಎನ್ನುತ್ತಾರೆ, ಅಂದರೆ ಮುಷ್ಟಿಯ ನಿಯಮ. ಡಚ್ಚರದೂ ಫಿನ್ನಿಷರದೂ ಮುಷ್ಟಿಯ ನಿಯಮವೇ. ಸ್ವೀಡಿಷರು, ಡೇನಿಷರು ಹೆಬ್ಬೆರಳನ್ನು ಉಳಿಸಿಕೊಂಡಿದ್ದಾರೆ. ಫ್ರೆಂಚರು ಅಂದಾಜಿಗೆ ‘ಮೂಗಿನ ನೋಟದಲ್ಲಿ’ ಎಂಬ ಮಾತನ್ನು ಬಳಸುತ್ತಾರೆ. ಹೆಬ್ಬೆರಳು, ಮುಷ್ಟಿ, ಮೂಗು ಎಲ್ಲವೂ ದೇಹದ ಅಂಗಗಳು. ಉಪಕರಣವಿಲ್ಲದ ಮನುಷ್ಯನು ತನ್ನ ದೇಹವನ್ನೇ ಉಪಕರಣವಾಗಿಸಿಕೊಂಡ ನೆನಪು ಈ ಎಲ್ಲ ನುಡಿಗಟ್ಟುಗಳಲ್ಲಿ ಉಳಿದಿದೆ. ಈ ತೌಲನಿಕ ಸಾಮಗ್ರಿಗೆ ಮುಂದೆ ಇನ್ನೊಂದು ಉಪಯೋಗವೂ ಒದಗಲಿದೆ.

ಇಂಗ್ಲಿಷಿನಲ್ಲಿ ಈ ನುಡಿಗಟ್ಟಿನ ಹಳೆಯ ಪ್ರಯೋಗಗಳು ಹದಿನೇಳನೆಯ ಶತಮಾನಕ್ಕೆ ಸೇರಿವೆ. ಸ್ಕಾಟ್ಲೆಂಡಿನ ಧರ್ಮೋಪದೇಶಕ ಜೇಮ್ಸ್ ಡರಮ್‌ನ ಉಪದೇಶಗಳ ಸಂಗ್ರಹವೊಂದು ಅವನ ಮರಣಾನಂತರ 1685ರಲ್ಲಿ ಪ್ರಕಟವಾಯಿತು. ಲೆಕ್ಕವಿಲ್ಲದೆ ಊಹೆಯಿಂದಲೇ ಮನೆ ಕಟ್ಟುವ ಅವಿವೇಕಿ ಕಟ್ಟಡಗಾರರಿಗೆ ಕೆಲವು ಭಕ್ತರನ್ನು ಹೋಲಿಸುವಾಗ ಅಲ್ಲಿ ಈ ನುಡಿಗಟ್ಟು ಬರುತ್ತದೆ. ಕತ್ತಿವರಸೆಯನ್ನು ಕುರಿತು ಸರ್ ವಿಲಿಯಂ ಹೋಪ್ ಬರೆದ ಕೃತಿಯ 1692ರ ಮುದ್ರಣದಲ್ಲಿ, ಕಲೆಯನ್ನು ಕಲಿಯದೆ ಕೇವಲ ರೂಢಿಯ ಬಲದಿಂದ ಕತ್ತಿ ಬೀಸುವವನನ್ನು ಕುರಿತು ಇದೇ ಮಾತು ಬಳಕೆಯಾಗಿದೆ. ಜೇಮ್ಸ್ ಕೆಲಿ 1721ರಲ್ಲಿ ಪ್ರಕಟಿಸಿದ ಸ್ಕಾಟಿಷ್ ಗಾದೆಗಳ ಸಂಕಲನಕ್ಕೆ ಬರುವಾಗ ಧ್ವನಿ ಸ್ವಲ್ಪ ಬದಲಾಗಿದೆ. ಗುರಿ ತಾಗಿದರೆ ಹೆಬ್ಬೆರಳಿನ ಅಳತೆಗಿಂತ ಒಳ್ಳೆಯ ಅಳತೆ ಬೇರೆಯಿಲ್ಲ ಎಂಬುದು ಅಲ್ಲಿಯ ಗಾದೆಯ ಭಾವ.

ಈ ಮೂರು ಪ್ರಯೋಗಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಮೊದಲ ಇಬ್ಬರು ಲೇಖಕರಲ್ಲಿ ಈ ಮಾತಿಗೆ ನಿಂದೆಯ ಛಾಯೆಯಿದೆ: ಶಾಸ್ತ್ರವಿರುವಲ್ಲಿ ಶಾಸ್ತ್ರವನ್ನು ಬಿಟ್ಟು ಅಂದಾಜಿಗೆ ಜೋತುಬಿದ್ದವನ ನಿಂದೆ. ಗಾದೆಯಲ್ಲಿ ಮೆಚ್ಚುಗೆಯಿದೆ, ಆದರೆ ಆ ಮೆಚ್ಚುಗೆಗೆ ಒಂದು ಷರತ್ತು ಅಂಟಿಕೊಂಡಿದೆ. ಯಾವ ಪ್ರಯೋಗದಲ್ಲಿಯೂ ಅದು ‘ತತ್ತ್ವ’ ಎಂಬ ಗೌರವದ ಅರ್ಥವನ್ನು ಪಡೆದಿಲ್ಲ. ಇಂದಿನ ಬಳಕೆಯಲ್ಲಿ ನಿಂದೆ ಬಹುಪಾಲು ಮರೆಯಾಗಿದ್ದರೂ ಷರತ್ತು ಉಳಿದುಕೊಂಡಿದೆ. ಷರತ್ತು ಬಿದ್ದುಹೋದರೆ ನುಡಿಗಟ್ಟು ಕೆಡುತ್ತದೆ.

ಷರತ್ತಿನ ಸ್ವರೂಪವನ್ನು ತಿಳಿಯಲು ಲೆಕ್ಕದ ಒಂದೆರಡು ಉದಾಹರಣೆಗಳು ಸಾಕು. ಚಕ್ರಬಡ್ಡಿಯಲ್ಲಿ ಅಸಲು ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸುವ ರೂಢಿಯಿದೆ. ಇಟಲಿಯ ಗಣಿತಜ್ಞ ಲೂಕಾ ಪಚೋಲಿಯ 1494ರ ಗ್ರಂಥದಲ್ಲಿಯೇ ಇದರ ಉಲ್ಲೇಖವಿದೆ. ದರ ಶೇಕಡ 8 ಆದರೆ 9 ವರ್ಷ ಎಂದು ಉತ್ತರ ಬರುತ್ತದೆ, ನಿಜವಾದ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಅಲ್ಪ. ದರ ಶೇಕಡ 36 ಆದರೆ 2 ವರ್ಷ ಎಂದು ಉತ್ತರ ಬರುತ್ತದೆ. ಆದರೆ ಎರಡು ವರ್ಷಕ್ಕೆ ನೂರು ರೂಪಾಯಿ ಇನ್ನೂರಾಗುವುದಿಲ್ಲ, 184 ರೂಪಾಯಿ 96 ಪೈಸೆಯಾಗುತ್ತದೆ. ಸೆಲ್ಸಿಯಸ್ ಉಷ್ಣತೆಯನ್ನು ಫ್ಯಾರನ್‌ಹೀಟಿಗೆ ಬದಲಿಸಲು ಎರಡರಿಂದ ಗುಣಿಸಿ 30 ಕೂಡಿಸುವವರಿದ್ದಾರೆ. 10 ಡಿಗ್ರಿಗೆ 50 ಎಂಬ ಉತ್ತರ ಪೂರ್ಣವಾಗಿ ಸರಿ. 20ಕ್ಕೆ 70 ಬರುತ್ತದೆ, ಸರಿಯಾದುದು 68. 40ಕ್ಕೆ 110 ಬರುತ್ತದೆ, ಸರಿಯಾದುದು 104. ತಂಪಾದ ದಿನಕ್ಕೆ ಒದಗುವ ಈ ಅಳತೆಯನ್ನು ಜ್ವರ ನೋಡಲು ಬಳಸಿದರೆ ಅನರ್ಥವಾಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿ ಸಿಡಿಲಿನ ದೂರವನ್ನು ಕಿಲೋಮೀಟರುಗಳಲ್ಲಿ ಅಂದಾಜಿಸುವುದೂ ಇದೇ ಜಾತಿಯ ಲೆಕ್ಕ. ಅನ್ನಕ್ಕೆ ನೀರನ್ನು ಅಕ್ಕಿಯ ಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಇಡುವ ಗೃಹಿಣಿ, ಅಕ್ಕಿ ಹಳೆಯದಾದರೆ ಇನ್ನಷ್ಟು ನೀರು ಬೇಕೆಂಬುದನ್ನೂ ಬಲ್ಲಳು. ಅಳತೆಯೊಂದಿಗೇ ಅದರ ಗಡಿಯನ್ನೂ ಬಲ್ಲವಳು ಅವಳು. ಗಡಿಯ ಈ ಅರಿವೇ ‘ರೂಲ್ ಆಫ್ ಥಂಬ್’ನ ಜೀವ.

ಇದನ್ನು ತತ್ತ್ವದಿಂದ ಬೇರ್ಪಡಿಸಿ ನೋಡಲು ಭಾರತದ ಸಂವಿಧಾನವು ಒಂದು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಸಂವಿಧಾನದ ನಾಲ್ಕನೆಯ ಭಾಗದಲ್ಲಿ, 36ರಿಂದ 51ರವರೆಗಿನ ಅನುಚ್ಛೇದಗಳಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿವೆ. ಇವುಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲು ಬರುವುದಿಲ್ಲ, ಆದರೂ ದೇಶದ ಆಡಳಿತಕ್ಕೆ ಇವು ಮೂಲಭೂತವಾದವು ಎಂದು 37ನೆಯ ಅನುಚ್ಛೇದ ಹೇಳುತ್ತದೆ. ಕಡ್ಡಾಯವಿಲ್ಲದ ಕಾರಣ ಇವನ್ನು ‘ರೂಲ್ಸ್ ಆಫ್ ಥಂಬ್’ ಎನ್ನಬಹುದೆ? ಖಂಡಿತ ಇಲ್ಲ. ತತ್ತ್ವವು ಆಚರಣೆಯಲ್ಲಿ ಎಷ್ಟು ಸಲ ಸೋತರೂ ತತ್ತ್ವವಾಗಿಯೇ ಉಳಿಯುತ್ತದೆ. ಸೋತುದು ಆಚರಣೆಯೇ ಹೊರತು ತತ್ತ್ವವಲ್ಲ ಎಂದು ಜನ ಹೇಳುತ್ತಾರೆ. ಅನುಭವದ ಅಳತೆಗೆ ಈ ರಕ್ಷಣೆಯಿಲ್ಲ. ಅದು ಪದೇ ಪದೇ ಸೋತರೆ ಬಳಸುವವರು ಅದನ್ನು ಕೈಬಿಟ್ಟು ಬೇರೆ ಅಳತೆಯನ್ನು ಹುಡುಕುತ್ತಾರೆ. ತತ್ತ್ವಕ್ಕೆ ನಿಷ್ಠೆ ಸಲ್ಲುತ್ತದೆ, ಅಳತೆಗೆ ಸಲ್ಲುವುದು ನಂಬಿಕೆ ಮಾತ್ರ, ಅದೂ ಅದು ಕೆಲಸಕ್ಕೆ ಬರುವವರೆಗೆ. ಅಹಿಂಸೆಯನ್ನು ಒಬ್ಬರ ‘ರೂಲ್ ಆಫ್ ಥಂಬ್’ ಎಂದು ಬರೆಯುವುದು ತಪ್ಪಾಗುವುದು ಈ ಕಾರಣದಿಂದ. ಅಪಾಯ ಎದುರಾದಾಗ ಬಿಟ್ಟುಕೊಡಬಹುದಾದ ಅನುಕೂಲದ ಲೆಕ್ಕವೆಂದು ಅದನ್ನು ಬಣ್ಣಿಸಿದಂತಾಗುತ್ತದೆ.

ಶಾಸ್ತ್ರದ ನಿಯಮದಿಂದಲೂ ಇದು ಭಿನ್ನ. ಸಂಸ್ಕೃತ ವ್ಯಾಕರಣ ಪರಂಪರೆಯಲ್ಲಿ ಉತ್ಸರ್ಗ ಮತ್ತು ಅಪವಾದ ಎಂಬ ವಿಭಾಗವಿದೆ. ಸಾಮಾನ್ಯ ವಿಧಿ ಉತ್ಸರ್ಗ, ಅದನ್ನು ತಡೆಯುವ ವಿಶೇಷ ವಿಧಿ ಅಪವಾದ. ಇಲ್ಲಿ ಅಪವಾದವೂ ಒಂದು ನಿಯಮವೇ, ಅದಕ್ಕೂ ಸೂತ್ರವಿದೆ. ಯಾವಾಗ ಸಾಮಾನ್ಯ ವಿಧಿ ಸಲ್ಲದು ಎಂಬುದನ್ನು ಶಾಸ್ತ್ರವೇ ಎಣಿಸಿ ಹೇಳುತ್ತದೆ. ಹೆಬ್ಬೆರಳಿನ ಅಳತೆಗೂ ಅಪವಾದಗಳುಂಟು, ಆದರೆ ಅವುಗಳನ್ನು ಯಾರೂ ಪಟ್ಟಿ ಮಾಡಿಲ್ಲ. ಅವುಗಳನ್ನು ಗುರುತಿಸುವ ಹೊಣೆ ಬಳಸುವವರ ವಿವೇಚನೆಗೆ ಸೇರಿದೆ. ಆದ್ದರಿಂದ ‘ಅಪವಾದವಿಲ್ಲದ ರೂಲ್ ಆಫ್ ಥಂಬ್’ ಎಂಬ ಪ್ರಯೋಗವೂ, ಈ ಅಳತೆಯನ್ನು ‘ಕಟ್ಟುನಿಟ್ಟಾಗಿ’ ಪಾಲಿಸಬೇಕೆಂಬ ಸೂಚನೆಯೂ ಸ್ವವಿರೋಧದಿಂದ ಕೂಡಿವೆ.

ಸಾಹಿತ್ಯ ಸಂಶೋಧನೆಯಲ್ಲಿ ಈ ಭೇದವು ಎಷ್ಟು ಮುಖ್ಯವೆಂಬುದಕ್ಕೆ ಗ್ರಂಥಸಂಪಾದನ ಶಾಸ್ತ್ರದಲ್ಲಿಯೇ ನಿದರ್ಶನವಿದೆ. ಎರಡು ಪಾಠಾಂತರಗಳಲ್ಲಿ ಕ್ಲಿಷ್ಟವಾದುದನ್ನು ಆರಿಸಿಕೊಳ್ಳಬೇಕೆಂಬ ಮಾತು ಪ್ರಸಿದ್ಧವಾದುದು. ಜರ್ಮನಿಯ ವಿದ್ವಾಂಸ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಸಂಪಾದಿಸಿದಾಗ ಇದನ್ನು ಒಂದು ಸೂತ್ರವಾಗಿ ಬಳಸಿದನು. ಇದರ ಹಿಂದಿನ ತರ್ಕ ಅನುಭವದಿಂದ ಬಂದುದು. ಲಿಪಿಕಾರನು ತನಗೆ ಅರ್ಥವಾಗದ ಅಪೂರ್ವ ಪದವನ್ನು ತಿಳಿದ ಸುಲಭ ಪದಕ್ಕೆ ಬದಲಿಸುವುದುಂಟು, ಸುಲಭವಾದುದನ್ನು ಬೇಕೆಂದೇ ಕ್ಲಿಷ್ಟಗೊಳಿಸುವುದು ಅಪರೂಪ. ಓಲೆಗರಿಯ ಪ್ರತಿಗಳನ್ನು ಎದುರಿಟ್ಟುಕೊಂಡು ಹಳಗನ್ನಡ ಕಾವ್ಯಗಳನ್ನು ಪರಿಷ್ಕರಿಸುವವರಿಗೂ ಈ ಸೂಚನೆ ಉಪಯುಕ್ತ.

ಆದರೆ ಇದು ತತ್ತ್ವವಲ್ಲ, ಅನುಭವದ ಅಳತೆ. ಲಿಪಿಕಾರನ ಕಣ್ತಪ್ಪಿನಿಂದ ಒಂದು ಅಕ್ಷರ ಪಲ್ಲಟವಾದರೂ ಕ್ಲಿಷ್ಟಪಾಠ ಹುಟ್ಟುತ್ತದೆ. ಅದು ಕ್ಲಿಷ್ಟವಾಗಿರುವುದು ಕವಿಯ ಪ್ರತಿಭೆಯಿಂದಲ್ಲ, ಅದಕ್ಕೆ ಅರ್ಥವೇ ಇಲ್ಲದಿರುವುದರಿಂದ. ಅಳತೆಯನ್ನು ತತ್ತ್ವವೆಂದು ಭ್ರಮಿಸಿದ ಸಂಪಾದಕನು ಇಂತಹ ತಪ್ಪನ್ನು ಮೂಲಪಾಠವೆಂದು ಸ್ವೀಕರಿಸಿ, ಆ ಪದಕ್ಕೆ ಇಲ್ಲದ ಅರ್ಥವನ್ನು ಟಿಪ್ಪಣಿಯಲ್ಲಿ ಕಟ್ಟಿಕೊಡುತ್ತಾನೆ. ಮುಂದೆ ಅದು ನಿಘಂಟಿಗೂ ಸೇರಬಹುದು. ಕವಿಯೂ ವಿದ್ವಾಂಸನೂ ಆಗಿದ್ದ ಎ. ಇ. ಹೌಸ್‌ಮನ್ 1921ರಲ್ಲಿ ನೀಡಿದ ಪ್ರಸಿದ್ಧ ಉಪನ್ಯಾಸವೊಂದರಲ್ಲಿ, ಪಾಠವಿಮರ್ಶೆ ಮಾಡುವವನನ್ನು ಚಿಗಟ ಹುಡುಕುವ ನಾಯಿಗೆ ಹೋಲಿಸಿದನು. ಸಿದ್ಧ ನಿಯಮಗಳು ಅಲ್ಲಿ ನೆರವಾಗವು, ಪ್ರತಿಯೊಂದು ಸಮಸ್ಯೆಯನ್ನೂ ಅದು ಅದ್ವಿತೀಯವೋ ಎಂಬಂತೆ ನೋಡಬೇಕು ಎಂಬುದು ಅವನ ವಾದದ ತಿರುಳು. ‘ಕ್ಲಿಷ್ಟಪಾಠವೇ ಗ್ರಾಹ್ಯ’ ಎಂಬುದನ್ನು ‘ರೂಲ್ ಆಫ್ ಥಂಬ್’ ಎಂದು ಕರೆದರೆ ಅದರ ಯೋಗ್ಯತೆಯನ್ನು ಕುಗ್ಗಿಸಿದಂತಾಗುವುದಿಲ್ಲ. ಅದನ್ನು ಎಷ್ಟು ದೂರ ನಂಬಬೇಕೆಂಬುದನ್ನು ಸರಿಯಾಗಿ ಹೇಳಿದಂತಾಗುತ್ತದೆ.

ಇಲ್ಲಿಯವರೆಗಿನದು ಅಳತೆಯ ವಿಚಾರ. ಅಪವಾದ ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಉಂಟು: ಮಿಥ್ಯಾರೋಪ. ‘ರೂಲ್ ಆಫ್ ಥಂಬ್’ ಈ ಅರ್ಥದ ಅಪವಾದಕ್ಕೂ ಗುರಿಯಾದ ನುಡಿಗಟ್ಟು. ತನ್ನ ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಗಂಡನು ಹೆಂಡತಿಯನ್ನು ಹೊಡೆಯಬಹುದೆಂಬ ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಈ ಮಾತು ಹುಟ್ಟಿತು, ಆದ್ದರಿಂದ ಇದನ್ನು ಬಳಸಬಾರದು ಎಂಬ ಪ್ರತೀತಿ ಲೋಕದಲ್ಲಿ ವ್ಯಾಪಕವಾಗಿದೆ. ಈ ಪ್ರತೀತಿಯನ್ನು ಆಕರಗಳ ಮುಂದಿಟ್ಟು ಪರಿಶೀಲಿಸುವುದು ಅಗತ್ಯ. ಇಲ್ಲಿ ಪ್ರಶ್ನೆಯಲ್ಲಿರುವುದು ಕೇವಲ ಒಂದು ಪದದ ನಿಷ್ಪತ್ತಿಯಲ್ಲ, ಹಿಂಸೆಗೆ ಒಳಗಾದವರ ಕುರಿತು ಸತ್ಯವನ್ನು ಹೇಗೆ ಹೇಳಬೇಕೆಂಬುದು.

ಪರಿಶೀಲನೆಯನ್ನು ಬ್ಲ್ಯಾಕ್‌ಸ್ಟನ್‌ನಿಂದ ಆರಂಭಿಸಬಹುದು. ಇಂಗ್ಲೆಂಡಿನ ಕಾನೂನನ್ನು ಕುರಿತ ಅವನ ವ್ಯಾಖ್ಯಾನದ ಮೊದಲ ಸಂಪುಟ 1765ರಲ್ಲಿ ಪ್ರಕಟವಾಯಿತು. ಹಳೆಯ ಕಾನೂನಿನಲ್ಲಿ ಗಂಡನಿಗೆ ಹೆಂಡತಿಯನ್ನು ‘ಮಿತವಾಗಿ’ ಶಿಕ್ಷಿಸುವ ಅಧಿಕಾರವಿತ್ತೆಂದೂ, ಎರಡನೆಯ ಚಾರ್ಲ್ಸ್‌ನ ಕಾಲಕ್ಕೆ ಆ ಅಧಿಕಾರವೇ ಸಂದೇಹಕ್ಕೆ ಒಳಗಾಯಿತೆಂದೂ ಅವನು ದಾಖಲಿಸುತ್ತಾನೆ. ಹೆಬ್ಬೆರಳಿನ ಮಾತು ಅಲ್ಲಿಲ್ಲ. ಅದು ಬರುವುದು 1782ರಲ್ಲಿ, ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್‌ನ ಹೆಸರಿಗೆ ಅಂಟಿಕೊಂಡು. ಹೆಬ್ಬೆರಳಿನ ದಪ್ಪಕ್ಕೆ ಮೀರದ ಕೋಲಿನಿಂದ ಗಂಡನು ಹೊಡೆಯಬಹುದೆಂದು ಬುಲ್ಲರ್ ಹೇಳಿದನೆಂಬ ವದಂತಿ ಹಬ್ಬಿತು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಅದೇ ವರ್ಷದ ನವೆಂಬರಿನಲ್ಲಿ ಅವನನ್ನು ‘ಜಡ್ಜ್ ಥಂಬ್’ ಎಂದು ಕರೆದು ಕೋಲುಗಳ ಕಟ್ಟನ್ನು ಹೊತ್ತು ಮಾರುವವನಂತೆ ಚಿತ್ರಿಸಿದನು. ಬುಲ್ಲರ್ ಹಾಗೆ ಹೇಳಿದನೆಂಬುದಕ್ಕೆ ತೀರ್ಪಿನ ದಾಖಲೆಯಿಲ್ಲ. ನ್ಯಾಯಾಧೀಶರ ಚರಿತ್ರೆಯನ್ನು ಬರೆದ ಎಡ್ವರ್ಡ್ ಫಾಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದಕ್ಕೆ ತಕ್ಕ ಆಧಾರ ದೊರೆಯುವುದಿಲ್ಲವೆಂದು ಗುರುತಿಸಿದ್ದನು.

ಕಾಲಾನುಕ್ರಮವೊಂದೇ ಈ ನಿಷ್ಪತ್ತಿಯನ್ನು ಅಲುಗಿಸಲು ಸಾಕು. ಡರಮ್‌ನ ಉಪದೇಶಗಳು ಅಚ್ಚಾದುದು 1685ರಲ್ಲಿ, ಬುಲ್ಲರ್‌ನ ವದಂತಿ ಹುಟ್ಟಿದುದು 1782ರಲ್ಲಿ. ನುಡಿಗಟ್ಟು ವದಂತಿಗಿಂತ ಸುಮಾರು ನೂರು ವರ್ಷ ಹಿರಿಯದು. ಹಳೆಯ ಪ್ರಯೋಗಗಳ ಸಂದರ್ಭವೂ ಮನೆ ಕಟ್ಟುವುದು, ಕತ್ತಿ ಬೀಸುವುದು. ಗಂಡಹೆಂಡಿರ ಪ್ರಸಂಗ ಅಲ್ಲಿ ಎಲ್ಲಿಯೂ ಇಲ್ಲ. ಮೇಲೆ ಹೇಳಿದ ತೌಲನಿಕ ಸಾಮಗ್ರಿಯೂ ಇಲ್ಲಿ ಸಾಕ್ಷಿಯಾಗಿ ಒದಗುತ್ತದೆ. ಇಂಗ್ಲೆಂಡಿನ ಕಾನೂನಿಗೆ ಸಂಬಂಧವಿಲ್ಲದ ನಾಡುಗಳಲ್ಲಿಯೂ ಇದೇ ಭಾವಕ್ಕೆ ಹೆಬ್ಬೆರಳು ಅಥವಾ ಮುಷ್ಟಿ ಬಳಕೆಯಾಗಿರುವುದನ್ನು ಅಂಗದ ಅಳತೆಯೊಂದೇ ಸಮಾಧಾನಕರವಾಗಿ ವಿವರಿಸುತ್ತದೆ.

ಹೆಬ್ಬೆರಳು ಮತ್ತು ಕೋಲಿನ ಮಾತು ಅಮೆರಿಕದ ನ್ಯಾಯಾಲಯಗಳಿಗೆ ಪ್ರವೇಶಿಸಿದುದು ನಿಜ. ಉತ್ತರ ಕೆರೊಲಿನಾದ 1868ರ ರೋಡ್ಸ್ ಪ್ರಕರಣದಲ್ಲಿ, ಗಂಡನು ಬಳಸಿದ ಬೆತ್ತ ಅವನ ಹೆಬ್ಬೆರಳಿಗಿಂತ ದಪ್ಪವಾಗಿರಲಿಲ್ಲವೆಂಬ ಕಾರಣದಿಂದ ಕೆಳಗಿನ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದಿತು. ರಾಜ್ಯದ ಉಚ್ಚ ನ್ಯಾಯಪೀಠವು ಬೆತ್ತದ ದಪ್ಪದ ಮಾನದಂಡವನ್ನು ಒಪ್ಪಲಿಲ್ಲ, ಹೊಡೆಯುವುದು ಗಂಡನ ಹಕ್ಕೆಂದೂ ಹೇಳಲಿಲ್ಲ. ಆದರೆ ಸಂಸಾರದ ಸಣ್ಣಪುಟ್ಟ ವಿಷಯಗಳಲ್ಲಿ ನ್ಯಾಯಾಲಯವು ತಲೆಹಾಕುವುದಿಲ್ಲವೆಂದು ಹೇಳಿ ಅವನನ್ನು ಬಿಟ್ಟುಬಿಟ್ಟಿತು. ಹೆಂಡತಿಯ ಪಾಲಿಗೆ ಎರಡು ತೀರ್ಪುಗಳಿಂದಲೂ ದೊರೆತ ಫಲ ಒಂದೇ. 1871ರಲ್ಲಿ ಅಲಬಾಮಾದ ನ್ಯಾಯಾಲಯವೂ 1874ರ ಆಲಿವರ್ ಪ್ರಕರಣದಲ್ಲಿ ಉತ್ತರ ಕೆರೊಲಿನಾದ ನ್ಯಾಯಾಲಯವೂ ಗಂಡನಿಗೆ ಹೊಡೆಯುವ ಹಕ್ಕಿದೆ ಎಂಬ ಹಳೆಯ ವಾದವನ್ನು ಸ್ಪಷ್ಟವಾಗಿ ತಿರಸ್ಕರಿಸಿದವು. ಆದರೆ ‘ರೂಲ್ ಆಫ್ ಥಂಬ್’ ಎಂಬ ನುಡಿಗಟ್ಟು ಈ ತೀರ್ಪುಗಳಲ್ಲಿ ಆ ಕಾನೂನಿನ ಹೆಸರಾಗಿ ಬರುವುದಿಲ್ಲ.

ಎರಡೂ ಒಂದಾದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮನೆಯೊಳಗಿನ ಹಿಂಸೆಯ ವಿರುದ್ಧ ಅಮೆರಿಕದಲ್ಲಿ ಹೋರಾಡಿದ ಡೆಲ್ ಮಾರ್ಟಿನ್ 1976ರಲ್ಲಿ ಹೆಬ್ಬೆರಳಿನ ಗಾತ್ರದ ಕೋಲಿನ ಪ್ರಸ್ತಾಪ ಮಾಡುತ್ತ ಈ ನುಡಿಗಟ್ಟನ್ನು ಶ್ಲೇಷೆಯಾಗಿ ಬಳಸಿದರು. ಶ್ಲೇಷೆಯು ಓದುಗರಿಂದ ಓದುಗರಿಗೆ ದಾಟುತ್ತ ನಿಷ್ಪತ್ತಿಯಾಯಿತು. 1982ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗವು ಹಿಂಸೆಗೊಳಗಾದ ಮಹಿಳೆಯರನ್ನು ಕುರಿತ ತನ್ನ ವರದಿಯ ಶೀರ್ಷಿಕೆಯಲ್ಲಿಯೇ ಈ ನುಡಿಗಟ್ಟನ್ನು ಇರಿಸಿಕೊಂಡಿತು. ಅಧಿಕೃತ ಮುದ್ರೆ ಬಿದ್ದ ಮೇಲೆ ಪ್ರತೀತಿಗೆ ಬೇರೆ ಆಧಾರ ಬೇಕಾಗಲಿಲ್ಲ. 1994ರಲ್ಲಿ ಮಧ್ಯಯುಗದ ಸಾಹಿತ್ಯದ ವಿದ್ವಾಂಸ ಹೆನ್ರಿ ಆನ್ಸ್‌ಗರ್ ಕೆಲಿ ಕಾನೂನು ಶಿಕ್ಷಣದ ಪತ್ರಿಕೆಯೊಂದರಲ್ಲಿ ದೀರ್ಘ ಲೇಖನ ಬರೆದು ಈ ಎಳೆಗಳನ್ನು ಬಿಡಿಸಿ ತೋರಿಸಿದರು. ಕಾನೂನಿನ ಗಂಟನ್ನು ಸಾಹಿತ್ಯದ ಅಧ್ಯಾಪಕರೊಬ್ಬರು ಆಕರಶೋಧನೆಯ ಕ್ರಮದಿಂದ ಬಿಡಿಸಿದ ಈ ಪ್ರಸಂಗ ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕಾದುದು.

ಇಲ್ಲಿ ಎರಡು ಬಗೆಯ ಅವಸರಗಳನ್ನು ತಪ್ಪಿಸಬೇಕಾಗುತ್ತದೆ. ನಿಷ್ಪತ್ತಿ ಸುಳ್ಳಾದುದರಿಂದ ಹಿಂಸೆಯ ಚರಿತ್ರೆಯೂ ಸುಳ್ಳೆಂದು ಭಾವಿಸುವುದು ಮೊದಲನೆಯ ಅವಸರ. ಬ್ಲ್ಯಾಕ್‌ಸ್ಟನ್‌ನ ‘ಮಿತವಾದ ಶಿಕ್ಷೆ’ ಸುಳ್ಳಲ್ಲ. ರೋಡ್ಸ್‌ನ ಹೆಂಡತಿಗೆ ಬಿದ್ದ ಏಟುಗಳು ಸುಳ್ಳಲ್ಲ. ನ್ಯಾಯಪೀಠವು ಬಾಗಿಲು ಹಾಕಿಕೊಂಡುದೂ ಸುಳ್ಳಲ್ಲ. ಉದ್ದೇಶ ನ್ಯಾಯವಾದುದರಿಂದ ಸುಳ್ಳು ನಿಷ್ಪತ್ತಿಯನ್ನು ಉಳಿಸಿಕೊಳ್ಳಬಹುದೆಂದು ಭಾವಿಸುವುದು ಎರಡನೆಯದು. ತೀರ್ಪುಗಳ ದಾಖಲೆಗಳೇ ಕೈಯಲ್ಲಿರುವಾಗ ಕಟ್ಟುಕತೆಯ ನೆರವು ಬೇಕಿಲ್ಲ. ಕಟ್ಟುಕತೆ ಬಯಲಾದ ದಿನ, ಅದರೊಂದಿಗೆ ನಿಜವಾದ ದಾಖಲೆಗಳನ್ನೂ ತಳ್ಳಿಹಾಕಲು ಕಾದಿರುವವರಿಗೆ ಅವಕಾಶ ದೊರೆಯುತ್ತದೆ. ನೊಂದವರ ಪರವಾಗಿ ಬರೆಯುವವರಿಗೆ ಆಕರಶುದ್ಧಿಯ ಹೊಣೆ ಇತರರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಈ ನುಡಿಗಟ್ಟನ್ನು ಬಿಡಬೇಕೆ ಎಂಬ ಪ್ರಶ್ನೆಗೆ ಉತ್ತರ ಸಂದರ್ಭವನ್ನು ಅವಲಂಬಿಸಿದೆ. ಹಿಂಸೆಗೊಳಗಾದವರ ಸಭೆಯಲ್ಲಿ ಇದು ನೋವು ತರುವುದೆಂದು ತಿಳಿದರೆ ಬೇರೆ ಮಾತನ್ನು ಬಳಸುವುದು ಸೌಜನ್ಯ. ಆದರೆ ಆ ಸೌಜನ್ಯಕ್ಕಾಗಿ ತರಗತಿಯಲ್ಲಿ ಸುಳ್ಳು ನಿಷ್ಪತ್ತಿಯನ್ನು ಬೋಧಿಸಬೇಕಾಗಿಲ್ಲ.

ಬರವಣಿಗೆಯ ದೃಷ್ಟಿಯಿಂದ ಇನ್ನು ಕೆಲವು ಸೂಕ್ಷ್ಮಗಳು ಉಳಿದಿವೆ. ಭಾರತದ ಇಂಗ್ಲಿಷಿನಲ್ಲಿ ‘ಥಂಬ್ ರೂಲ್’ ಎಂಬ ರೂಪ ಹೇರಳವಾಗಿ ಕಾಣುತ್ತದೆ. ಶಿಷ್ಟ ರೂಪ ‘ರೂಲ್ ಆಫ್ ಥಂಬ್’, ಅದರ ಬಹುವಚನ ‘ರೂಲ್ಸ್ ಆಫ್ ಥಂಬ್’. ‘ಥಂಬ್ ರೂಲ್’ ಎಂದೊಡನೆ ಭಾರತದ ವಿದ್ಯಾರ್ಥಿಗೆ ನೆನಪಾಗುವುದು ಭೌತಶಾಸ್ತ್ರದ ಬಲಗೈ ಹೆಬ್ಬೆರಳಿನ ನಿಯಮ. ಹೆಬ್ಬೆರಳು ವಿದ್ಯುತ್ಪ್ರವಾಹದ ದಿಕ್ಕನ್ನು ತೋರಿದರೆ ಮಡಿಸಿದ ಬೆರಳುಗಳು ಕಾಂತಕ್ಷೇತ್ರದ ದಿಕ್ಕನ್ನು ತೋರುತ್ತವೆ. ಅಲ್ಲಿ ಅಂದಾಜಿಗೆ ಎಡೆಯಿಲ್ಲ, ಅದು ನಿಖರ ನಿಯಮವನ್ನು ನೆನಪಿಡುವ ಉಪಾಯ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಅಂದಾಜೂ ನಿಖರ ನಿಯಮವೂ ಬೆರೆತುಹೋಗುತ್ತವೆ. ಪದವನ್ನು ವಿಶೇಷಣವಾಗಿ ಬಳಸುವಾಗ ಮೂರೂ ಪದಗಳ ನಡುವೆ ಅಡ್ಡಗೆರೆ ಬರುತ್ತದೆ ಎಂಬುದೂ ನೆನಪಿಡತಕ್ಕುದು.

ಕನ್ನಡದಲ್ಲಿ ‘ಹೆಬ್ಬೆಟ್ಟಿನ ನಿಯಮ’, ‘ಹೆಬ್ಬೆರಳಿನ ನಿಯಮ’ ಎಂಬ ಅನುವಾದಗಳಿಗೆ ಬೇರೊಂದು ತೊಡಕಿದೆ. ಕನ್ನಡದ ಹೆಬ್ಬೆಟ್ಟು ಅಳೆಯುವ ಬೆರಳಾಗಿ ನೆನಪಿಗೆ ಬರುವುದಿಲ್ಲ. ಹೆಬ್ಬೆಟ್ಟು ಎಂದರೆ ಸಾಲಪತ್ರದ ಮೇಲೆ ಒತ್ತುವ ಗುರುತು, ಅಕ್ಷರ ಬಾರದವನ ಸಹಿ. ಹೆಬ್ಬೆರಳೆಂದರೆ ಗುರುದಕ್ಷಿಣೆಯಾಗಿ ಏಕಲವ್ಯನು ಕೊಟ್ಟ ಬೆರಳು. ಒಂದರಲ್ಲಿ ಅಸಹಾಯಕತೆ, ಇನ್ನೊಂದರಲ್ಲಿ ಅನ್ಯಾಯ. ಇಂಗ್ಲಿಷಿನ ಬಡಗಿಯ ಬೆರಳು ಕನ್ನಡಕ್ಕೆ ಬಂದಾಗ ಈ ನೆನಪುಗಳನ್ನೆಲ್ಲ ಹೊತ್ತುಕೊಳ್ಳುತ್ತದೆ. ಕನ್ನಡದಲ್ಲಿ ಇದೇ ಕೆಲಸವನ್ನು ಮಾಡುವ ಮಾತುಗಳು ಆಗಲೇ ಇವೆ: ಕಣ್ಣಳತೆ, ಕೈಯಂದಾಜು, ಅನುಭವದ ಲೆಕ್ಕ. ಹಲವು ವಾಕ್ಯಗಳಲ್ಲಿ ‘ಸಾಮಾನ್ಯವಾಗಿ’ ಎಂಬ ಒಂದೇ ಪದ ಸಾಕಾಗುತ್ತದೆ. ಯಾವುದನ್ನು ಆರಿಸಿಕೊಂಡರೂ ‘ನಿಯಮ’, ‘ತತ್ತ್ವ’, ‘ಸಿದ್ಧಾಂತ’ ಎಂಬ ಪದಗಳನ್ನು ಅದಕ್ಕೆ ಜೋಡಿಸದಿರುವುದು ಲೇಸು.

ಅನುಭವದ ಅರಿವನ್ನು ಕೀಳಾಗಿ ಕಾಣುವ ಪರಂಪರೆಯೂ ಕನ್ನಡದ್ದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವ್ಯದ ಲಕ್ಷಣಗಳನ್ನು ನಿರೂಪಿಸುವ ಶಾಸ್ತ್ರಗ್ರಂಥ. ಓದನ್ನು ಗುರಿಯಾಗಿಟ್ಟು ಕಲಿಯದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತವರು ಈ ನಾಡಿನ ಜನರೆಂದು ಅದೇ ಗ್ರಂಥ ಮೆಚ್ಚಿ ಹೇಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಗಳನ್ನು ಹೇಳುವಾಗ ಪೂರ್ವಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿ ಮುಂದಿಡುತ್ತಾನೆ. ಪ್ರಯೋಗವು ಸೂತ್ರಕ್ಕೆ ಆಧಾರವಾಗುತ್ತದೆ, ಸೂತ್ರವು ಪ್ರಯೋಗವನ್ನು ತಿದ್ದುತ್ತದೆ. ಎರಡಕ್ಕೂ ಗೌರವವಿದ್ದರೂ ಎರಡನ್ನೂ ಒಂದೆಂದು ಅವರು ಎಣಿಸಲಿಲ್ಲ.

‘ರೂಲ್ ಆಫ್ ಥಂಬ್’ ಎಂದು ಬರೆಯುವ ಮೊದಲು ಲೇಖಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಹೇಳಹೊರಟಿರುವ ಮಾತು ಅನುಭವದಿಂದ ಬಂದುದೆ? ಅದು ಯಾವ ಕ್ಷೇತ್ರದೊಳಗೆ ಸಲ್ಲುತ್ತದೆ ಎಂಬುದು ತಿಳಿದಿದೆಯೆ? ಅದು ತಪ್ಪಿದಾಗ ಅದನ್ನು ಬಿಟ್ಟುಕೊಡಲು ಸಿದ್ಧತೆಯಿದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಪದ ಸರಿಯಾದ ಜಾಗದಲ್ಲಿದೆ. ಬಿಟ್ಟುಕೊಡಲಾಗದುದು ಅದಾಗಿದ್ದರೆ ಅದನ್ನು ತತ್ತ್ವವೆಂದೇ ಬರೆಯಬೇಕು, ಅಪವಾದಗಳನ್ನು ಎಣಿಸಿ ಹೇಳಬಹುದಾದರೆ ನಿಯಮವೆಂದು ಬರೆಯಬೇಕು. ಪದಗಳ ಹುಟ್ಟನ್ನು ಕುರಿತು ಕೇಳಿದ ಕತೆಗಳ ವಿಷಯದಲ್ಲಿಯಾದರೆ ಹೆಬ್ಬೆರಳಿನ ಅಳತೆ ಸಾಲದು. ಅಲ್ಲಿ ಇಸವಿ, ಆಕರ, ಪ್ರಯೋಗ ಮೂರನ್ನೂ ಪಟ್ಟಿ ಹಿಡಿದೇ ಅಳೆಯಬೇಕು.